ಪುಟ್ಟ ತಾಳೆ ಕೈ ಅಡ್ಡ ಹಿಡಿದದ್ದು

ಪ್ರಪಂಚ ಹೊಸದಾಗಿದ್ದ ಕಾಲ. ಹೊಸದು ಅಂದಮಾತ್ರಕ್ಕೆ ಎಲ್ಲವೂ ಸರಿಯಾಗಿತ್ತು ಎಂದಲ್ಲ. ಯಾವ ಕಡೆ ಹರಿಯಬೇಕು ಎಂದು ನದಿಗಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಕಾಗೆಗಳು ಈಗಿನಷ್ಟೇ ಗಲಾಟೆ ಮಾಡುತ್ತಿದ್ದವು. ಗಿಡಮರಗಳು ನಡೆಯುತ್ತಿದ್ದವು, ಮಾತಾಡುತ್ತಿದ್ದವು. ಮನುಷ್ಯರೂ ಮಾತಾಡುತ್ತಿದ್ದರು. ಕೇಳಿಸಿಕೊಳ್ಳುವುದು ಮಾತ್ರ ಆಗಲೂ ಕಡಿಮೆ.

ಆ ಕಾಲದಲ್ಲಿ ತಾಳೆಯ ವಂಶದವರು ತಮತಮಗೆ ಜಾಗ ಹುಡುಕಿಕೊಂಡು ಹೊರಟರು. ತೆಂಗು ಸಮುದ್ರದ ದಂಡೆಗೆ ಹೋಯಿತು. ಈಚಲು ಹಳ್ಳದ ಬದಿಗೆ ಹೋಯಿತು. ಬಗನಿ ಬೆಟ್ಟ ಹತ್ತಿತು. ದೊಡ್ಡ ತಾಳೆ ಬಯಲಿನ ನಡುವೆ ಹೋಗಿ ನಿಂತು, "ನನಗೆ ಯಾರೂ ಬೇಡ" ಎಂದಿತು. ಯಾರೂ ಅದರ ಹತ್ತಿರ ಹೋಗಲೂ ಇಲ್ಲ.

ಉಳಿದದ್ದು ಪುಟ್ಟ ತಾಳೆ. ಅದು ಮೊಣಕಾಲೆತ್ತರ ಇತ್ತು. ಒಂದು ಗೋಣಿಮರದ ಕೆಳಗೆ, ನೆರಳಿನಲ್ಲಿ, ಯಾರಿಗೂ ತೊಂದರೆ ಕೊಡದೆ ನಿಂತಿತ್ತು. ಆಗ ಅದರ ಗರಿಗಳು ನೆಟ್ಟಗೆ ಮೇಲಕ್ಕೆ ನಿಲ್ಲುತ್ತಿದ್ದವು. ತುದಿಯವರೆಗೂ ಹಸಿರು.

ಸೂರ್ಯ ಒಂದು ದಿನ ಗೋಣಿಮರದ ಎಲೆಗಳ ಸಂದಿನಿಂದ ಬಗ್ಗಿ ನೋಡಿದ.

"ನೀನು ಬೆಳೆಯುವುದಿಲ್ಲವೇನು?"

"ಬೆಳೆದಾಯಿತು."

"ಇಷ್ಟೇನಾ?"

"ಇಷ್ಟೇ."

"ನಿಮ್ಮ ಅಣ್ಣಂದಿರನ್ನು ನೋಡು. ಮೋಡ ಮುಟ್ಟುತ್ತಿದ್ದಾರೆ."

"ನೋಡಿದ್ದೇನೆ. ಸಿಡಿಲು ಮೊದಲು ಬೀಳುವುದೂ ಅವರ ಮೇಲೆಯೇ."

ಸೂರ್ಯ ಮುಂದೆ ಹೋದ.

ಹೀಗೇ ಇದ್ದಿದ್ದರೆ ಕತೆಯೂ ಇರುತ್ತಿರಲಿಲ್ಲ. ಆದರೆ ಆ ವರ್ಷ ಗಾಳಿ ಇನ್ನೂ ಬೀಸುವುದನ್ನು ಕಲಿಯುತ್ತಿತ್ತು. ಎಷ್ಟು ಬೀಸಬೇಕು ಎಂಬ ಅಂದಾಜು ಅದಕ್ಕಿರಲಿಲ್ಲ. ಒಂದು ಮಧ್ಯಾಹ್ನ ಜೋರಾಗಿ ಬೀಸಿ ಗೋಣಿಮರವನ್ನು ಬುಡಸಮೇತ ಕೆಡವಿತು. ಪುಟ್ಟ ತಾಳೆಯ ತಲೆಯ ಮೇಲೆ ಸೀದಾ ಬಿಸಿಲು ಬಿತ್ತು. ಮೂರೇ ದಿನಕ್ಕೆ ಗರಿಗಳು ಬಿಳಿಚಿಕೊಂಡವು.

"ಸ್ವಲ್ಪ ಆಚೆ ಸರಿ" ಎಂದು ಪುಟ್ಟ ತಾಳೆ ಸೂರ್ಯನನ್ನು ಕೇಳಿತು.

"ಆಗುವುದಿಲ್ಲ. ನನ್ನ ದಾರಿ ಇದೇ" ಎಂದ ಸೂರ್ಯ.

"ನನ್ನ ಹತ್ತಿರ ಬಾ, ತಂಪಾಗಿದೆ" ಎಂದಿತು ನದಿ.

"ನಿನ್ನ ಹತ್ತಿರ ಕಾಲು ಸದಾ ಒದ್ದೆ. ನನಗೆ ಅದು ಆಗುವುದಿಲ್ಲ."

ಮರ ಬೀಳಿಸಿದ ಗಾಳಿಗೆ ಸ್ವಲ್ಪ ನಾಚಿಕೆಯಾಗಿತ್ತು. ಅದು ಹತ್ತಿರ ಬಂದು ಮೆತ್ತಗೆ ಹೇಳಿತು: "ನದಿ ತಿರುಗುವ ಕಡೆ ನಾಲ್ಕು ಮನೆಗಳಿವೆ. ಒಂದರ ಮುಂದೆ ಜಗಲಿ ಇದೆ. ಬಿಸಿಲು ಒಳಗೆ ಬರುವುದಿಲ್ಲ, ಬೆಳಕು ಬರುತ್ತದೆ. ನಾನೂ ಆಗಾಗ ಬರುತ್ತೇನೆ, ಮೆಲ್ಲಗೆ. ಅಲ್ಲಿರುವವರು ಒಳ್ಳೆಯವರು."

"ಎಷ್ಟು ಒಳ್ಳೆಯವರು?"

"ತುಂಬಾ" ಎಂದಿತು ಗಾಳಿ.

ಆಗಲೇ ಎಚ್ಚರಿಕೆ ವಹಿಸಬೇಕಿತ್ತು. ಪುಟ್ಟ ತಾಳೆ ಬೇರುಗಳನ್ನು ಎತ್ತಿಕೊಂಡು ನಡೆಯಿತು.

ಆ ಜಗಲಿ ದ್ಯಾವಮ್ಮನದು. ಮನೆಯಲ್ಲಿ ಅವಳ ಗಂಡ ಹಲಗಪ್ಪ ಇದ್ದ, ಅತ್ತೆ ಹೊನ್ನಜ್ಜಿ ಇದ್ದಳು. ಬಾಗಿಲಿಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಆಮೇಲೆ ಮಾತು. ಇದು ಆ ಮನೆಯ ಪದ್ಧತಿ, ಆ ನಾಲ್ಕು ಮನೆಗಳ ಪದ್ಧತಿ. ದ್ಯಾವಮ್ಮನಿಗೆ ಅದು ಪದ್ಧತಿಗಿಂತ ಸ್ವಲ್ಪ ಹೆಚ್ಚೇ.

"ಬನ್ನಿ ಬನ್ನಿ, ಬಿಸಿಲಲ್ಲಿ ಬಂದಿದೀರಿ" ಎಂದು ಅವಳು ಚೊಂಬು ಹಿಡಿದುಕೊಂಡೇ ಹೊರಗೆ ಬಂದಳು. "ಮೊದಲು ನೀರು ಕುಡೀರಿ."

"ನೆರಳಿದ್ದರೆ ಸಾಕು" ಎಂದಿತು ಪುಟ್ಟ ತಾಳೆ.

"ಅದೆಂಥ ಮಾತು! ಬಂದೋರು ನೀರು ಕುಡೀದೆ ಕೂತರೆ ನಮ್ಮ ಮನೆ ಗತಿ ಏನು?"

ಪುಟ್ಟ ತಾಳೆ ಕುಡಿಯಿತು. ಕೊಟ್ಟ ನೀರನ್ನು ಬೇಡ ಅಂದರೆ ಕೊಟ್ಟವರಿಗೆ ಅವಮಾನ ಎಂಬುದು ಅದಕ್ಕೂ ಗೊತ್ತಿತ್ತು. ಬಂದ ನೆಂಟರಿಗೂ ಒಂದು ಪದ್ಧತಿ ಇರುತ್ತದೆ.

ಜಗಲಿಯ ನೆಲ ಗಟ್ಟಿಮಣ್ಣಿನದು, ಬಡಿದು ಸಾರಿಸಿದ್ದು. ಅಲ್ಲಿ ಬೇರು ಇಳಿಯುವಂತಿರಲಿಲ್ಲ. ಹಾಗಾಗಿ ದ್ಯಾವಮ್ಮ ಪಕ್ಕದ ಮನೆಯ ಕುಂಬಾರ ಚಿಕ್ಕೀರಯ್ಯನಿಗೆ ಹೇಳಿ ಒಂದು ದೊಡ್ಡ ಮಡಕೆ ತರಿಸಿದಳು. ಚಿಕ್ಕೀರಯ್ಯ ಅದನ್ನು ಹೊತ್ತು ತಂದು ಇಳಿಸಿ, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ಠಣ್ ಅಂದಿತು.

"ನನ್ನ ಮಡಕೆ ಒಂದು ಹನಿ ಸೋರಲ್ಲ. ಮೊಮ್ಮಕ್ಕಳ ಕಾಲಕ್ಕೂ ಸೋರಲ್ಲ" ಎಂದ.

ಎಲ್ಲರೂ ಮೆಚ್ಚಿದರು. ಮಡಕೆಗೆ ಹೊಳೆದಂಡೆಯ ಮಣ್ಣು ತುಂಬಿದರು. ಮಣ್ಣಿನ ಜೊತೆ ಒಂದು ಎರೆಹುಳುವೂ ಬಂತು. ಅದನ್ನು ಯಾರೂ ಕರೆದಿರಲಿಲ್ಲ. ಪುಟ್ಟ ತಾಳೆ ಮಣ್ಣಿಗಿಳಿದು ಬೇರು ಚಾಚಿತು. ಚಾಚಿದ ಬೇರು ಮಣ್ಣನ್ನು ಹಿಡಿದುಕೊಂಡಿತು. ಅಲ್ಲಿಗೆ ಅದರ ನಡಿಗೆ ಮುಗಿಯಿತು. ಎದ್ದು ಹೋಗುವ ಹಾಗಿಲ್ಲ ಎಂದು ಅದಕ್ಕೆ ಗೊತ್ತಾದದ್ದು ಆಮೇಲೆ.

ಬೆಳಿಗ್ಗೆ ದ್ಯಾವಮ್ಮ ಅಂಗಳ ಗುಡಿಸಿ, ಪುಟ್ಟ ತಾಳೆಗೆ ಒಂದು ಚೊಂಬು ನೀರು ಹಾಕಿದಳು.

ಹೊತ್ತೇರಿದ ಮೇಲೆ ಹೊನ್ನಜ್ಜಿ ಗೋಡೆ ಹಿಡಿದು ಹೊರಗೆ ಬಂದು, "ಪಾಪ, ಬಾಯಿ ಒಣಗಿರುತ್ತೆ" ಎಂದು ಒಂದು ಚೊಂಬು ಹಾಕಿದಳು.

ಮಧ್ಯಾಹ್ನ ಹಲಗಪ್ಪ ಹೊಲದಿಂದ ಬಂದು, ಕಾಲು ತೊಳೆದು, ಉಳಿದದ್ದನ್ನು ಹಾಕಿದ. ಆಮೇಲೆ ಉಳಿದದ್ದು ಕೊಡುವುದು ಮರ್ಯಾದೆಯಲ್ಲ ಅನ್ನಿಸಿ, ಬೇರೆ ನೀರು ತಂದು ಅದನ್ನೂ ಹಾಕಿದ.

ಸಂಜೆ ಚಿಕ್ಕೀರಯ್ಯ ತನ್ನ ಮಡಕೆ ಸೋರುತ್ತಿದೆಯೇ ನೋಡಲು ಬಂದ. ಸೋರುತ್ತಿರಲಿಲ್ಲ. ಸಂತೋಷಕ್ಕೆ ಒಂದು ಚೊಂಬು ಹಾಕಿದ.

ಮರುದಿನವೂ ಹೀಗೇ. ಅದರ ಮರುದಿನವೂ ಹೀಗೇ.

ಯಾರೂ ಇನ್ನೊಬ್ಬರನ್ನು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. "ನೆಂಟರಿಗೆ ನೀರು ಕೊಟ್ಟೆಯಾ?" ಎಂದು ಕೇಳಿದರೆ "ನೀನು ಕೊಟ್ಟಿರಲಾರೆ" ಎಂದು ಅನುಮಾನಪಟ್ಟ ಹಾಗೆ. ಅತ್ತೆ ಸೊಸೆಯನ್ನು ಕೇಳಿದರೆ ಜಗಳ. ಸೊಸೆ ಅತ್ತೆಯನ್ನು ಕೇಳಿದರೆ ದೊಡ್ಡ ಜಗಳ. ಆದ್ದರಿಂದ ಯಾರೂ ಬಾಯಿ ಬಿಡದೆ ತಮ್ಮ ಪಾಲಿನ ಚೊಂಬನ್ನು ಬಗ್ಗಿಸಿದರು.

ಪ್ರತಿ ಸಲವೂ ಪುಟ್ಟ ತಾಳೆ "ಸಾಕು" ಎಂದಿತು. ಪ್ರತಿ ಸಲವೂ ಅವರು "ಇರಲಿ, ಇರಲಿ" ಎಂದರು.

ಮಡಕೆಯೊಳಗೆ ಎರೆಹುಳು ಬೇರಿನ ಬಳಿ ಬಂತು.

"ಮೇಲೆ ಏನು ನಡೀತಿದೆ?"

"ಉಪಚಾರ" ಎಂದಿತು ಪುಟ್ಟ ತಾಳೆ.

"ಕೆಳಗೆ ಕೆರೆಯಾಗಿದೆ. ಅಡಿಯಲ್ಲಿ ನಾನು ನಿಲ್ಲೋಕಾಗ್ತಿಲ್ಲ. ನಿನ್ನ ಬೇರಿನ ತುದಿ ಮೆತ್ತಗಾಗಿದೆ. ನೋಡಿದೆಯಾ?"

"ನೋಡುವುದೇನು, ನೋಯುತ್ತಿದೆ."

"ಮತ್ತೆ ಬೇಡ ಅನ್ನು."

"ಹೇಗನ್ನಲಿ? ಅವರ ನೆರಳಿನಲ್ಲಿದ್ದೇನೆ."

"ನೆರಳಲ್ಲಿ ಸತ್ತರೆ ತಂಪಾಗಿ ಸಾಯಬಹುದು. ಅಷ್ಟೇ ಲಾಭ" ಎಂದು ಎರೆಹುಳು ಮೇಲಿನ ಮಣ್ಣಿಗೆ ಸರಿಯಿತು.

ಹದಿನೈದು ದಿನಕ್ಕೆ ಕೆಳಗಿನ ಗರಿ ಹಳದಿಯಾಯಿತು. ತಿಂಗಳಿಗೆ ಎರಡು ಗರಿ. ಮನೆಯವರು ಜಗಲಿಯಲ್ಲಿ ಕೂತು ವಿಚಾರ ಮಾಡಿದರು.

"ಸೊರಗಿದೆ" ಎಂದ ಹಲಗಪ್ಪ.

"ಅಣ್ಣತಮ್ಮಂದಿರ ನೆನಪು ಬಂದಿರುತ್ತೆ" ಎಂದಳು ದ್ಯಾವಮ್ಮ.

"ನೆನಪೂ ಇಲ್ಲ, ಗಿನಪೂ ಇಲ್ಲ. ನಿನ್ನ ಕೈ ಸಣ್ಣದಾಯ್ತು. ನೀರು ಸಾಲ್ತಿಲ್ಲ" ಎಂದಳು ಹೊನ್ನಜ್ಜಿ.

ಕೈ ಸಣ್ಣದು ಎಂಬ ಮಾತನ್ನು ದ್ಯಾವಮ್ಮನಿಗೆ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ. ಅವಳು ಆ ದಿನದಿಂದ ಮೂರು ಚೊಂಬು ಹೆಚ್ಚು ಹಾಕಿದಳು.

ಅವಳಿಗೆ ಹೆದರಿಕೆಯೂ ಇತ್ತು. ನೆಂಟರು ಬಾಗಿಲಲ್ಲೇ ಪ್ರಾಣ ಬಿಟ್ಟ ಮನೆಯ ನೀರನ್ನು ಆ ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ದ್ಯಾವಮ್ಮನಿಗೆ ಇದ್ದದ್ದು ಒಂದೇ ಹೆಸರು. ಅವಳ ಬಾಗಿಲಿಗೆ ಹೋದವರು ಬಾಯಾರಿ ಬರುವುದಿಲ್ಲ ಎಂಬ ಹೆಸರು. ಅದು ಹೋಗುತ್ತಿತ್ತು. ಪುಟ್ಟ ತಾಳೆಯ ಪ್ರಾಣವೂ ಹೋಗುತ್ತಿತ್ತು. ಒಂದನ್ನು ಉಳಿಸಲು ಅವಳು ಮಾಡಿದ್ದೆಲ್ಲ ಎರಡನ್ನೂ ಕಳೆಯುವ ಕೆಲಸವೇ.

ಒಕ್ಕಣೆ ಮುಗಿದಾಗ ಜಗಲಿಯ ಮೇಲೆ ಊರವರಿಗೆ ಊಟವಾಯಿತು. ನಾಲ್ಕು ಮನೆಯವರೇ ಊರು. ಪುಟ್ಟ ತಾಳೆ ಮೂಲೆಯಿಂದ ನೋಡುತ್ತಿತ್ತು.

ಹಲಗಪ್ಪ ಬಡಿಸುತ್ತಿದ್ದ. ಉಂಡವರು "ಸಾಕು" ಎಂದರೆ ಅವನು ಇನ್ನೊಂದು ಸೌಟು ಹಾಕುತ್ತಿದ್ದ. "ಬೇಡವೇ ಬೇಡ" ಎಂದರೆ ಎರಡು ಸೌಟು. ಈ ನಾಡಿನ ಬಡಿಸುವವರು ಈಗಲೂ ಅವನ ಶಿಷ್ಯರೇ.

ಕೊನೆಯಲ್ಲಿ ಚಿಕ್ಕೀರಯ್ಯ ಕೂತಿದ್ದ. ಅವನ ಎಲೆಯಲ್ಲಿ ಎರಡು ಮುದ್ದೆ ಆಗಿತ್ತು. ಹಲಗಪ್ಪ ಮೂರನೆಯದನ್ನು ಹಿಡಿದು ಬಂದ. ಚಿಕ್ಕೀರಯ್ಯ ಮಾತಾಡಲಿಲ್ಲ. ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಅಗಲಿಸಿ ಎಲೆಗೆ ಅಡ್ಡ ಹಿಡಿದ.

"ಅರ್ಧ ಹಾಕಿಸ್ಕೋ ಚಿಕ್ಕೀರಯ್ಯ."

ಚಿಕ್ಕೀರಯ್ಯ ಕೈ ತೆಗೆಯಲಿಲ್ಲ.

"ಕಾಲು?"

ತೆಗೆಯಲಿಲ್ಲ. ಹಲಗಪ್ಪ ಮುದ್ದೆಯನ್ನು ಹಿಡಿದುಕೊಂಡು ಪಕ್ಕದವನ ಕಡೆ ಹೋದ.

ಮಾತಿಗೆ ಆಗದ್ದು ಕೈಗೆ ಆಗುತ್ತದೆ ಎಂದು ಪುಟ್ಟ ತಾಳೆಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆಯಿಂದ ಅದು ಗರಿಗಳನ್ನು ಬಗ್ಗಿಸತೊಡಗಿತು. ನೆಟ್ಟಗೆ ನಿಂತು ರೂಢಿಯಾದ ಗರಿ ಸುಲಭಕ್ಕೆ ಬಾಗುವುದಿಲ್ಲ. ಒಂದೊಂದೇ ಗರಿಯನ್ನು ಹೊರಕ್ಕೆ ಚಾಚಿ, ಕೆಳಕ್ಕೆ ಇಳಿಸಿ, ಬೆರಳುಗಳನ್ನು ಅಗಲಿಸಿತು. ಎಲ್ಲ ಗರಿಗಳೂ ಮಡಕೆಯ ಬಾಯಿಗೆ ಅಡ್ಡ ಬರುವ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ.

ದ್ಯಾವಮ್ಮ ಹೊರಗೆ ಬಂದಳು. ಅವಳ ಕೈಯಲ್ಲಿ ಆ ಸಂಜೆ ಚೊಂಬು ಇರಲಿಲ್ಲ, ಬಟ್ಟಲಿತ್ತು. ಬಟ್ಟಲಲ್ಲಿ ಹುರುಳಿಕಟ್ಟಿನ ಸಾರು. ನೀರು ಕುಡಿದೂ ಸೊರಗಿದವರಿಗೆ ಸಾರು ಕೊಡಬೇಕು, ಅದನ್ನೂ ಬಿಸಿಬಿಸಿಯಾಗಿ ಕೊಟ್ಟರೇ ಗುಣ ಎಂದು ಹೊನ್ನಜ್ಜಿ ಹೇಳಿದ್ದಳು. ಸಾರು ಆಗ ತಾನೇ ಒಲೆಯಿಂದ ಇಳಿದಿತ್ತು.

ಅಡ್ಡ ಹಿಡಿದ ಗರಿಗಳನ್ನು ದ್ಯಾವಮ್ಮ ನೋಡಿದಳು. ಅವಳ ಮುಖ ಅರಳಿತು.

"ಅತ್ತೆ, ಬಂದು ನೋಡಿ! ನಮ್ಮ ನೆಂಟರಿಗೆ ನಾಚಿಕೆ ಬಂದಿದೆ. ಊಟಕ್ಕೆ ಕೂತೋರ ಥರ ಕೈ ಅಡ್ಡ ಹಿಡಿದಿದೆ!"

"ನಾಚಿಕೆ ಪಟ್ಟರೆ ನಾವು ಬಿಡ್ತೀವಾ? ಹಾಕು" ಎಂದಳು ಹೊನ್ನಜ್ಜಿ ಒಳಗಿನಿಂದ.

ದ್ಯಾವಮ್ಮ ಬಟ್ಟಲು ಬಗ್ಗಿಸಿದಳು. ಸಾರು ಗರಿಗಳ ಬೆರಳ ತುದಿಯ ಮೇಲೆ ಸುರಿಯಿತು.

ಪುಟ್ಟ ತಾಳೆ ಕೂಗಿತು. ಅದು ಮಾತಲ್ಲ, ಬರೀ ಕೂಗು. ನದಿಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಗಾಳಿ ನಿಂತಿತು. ದ್ಯಾವಮ್ಮನ ಕೈಯಿಂದ ಬಟ್ಟಲು ಬಿತ್ತು.

ಗರಿಯ ತುದಿಗಳು ಒಂದೊಂದಾಗಿ ಕಂದು ಬಣ್ಣಕ್ಕೆ ತಿರುಗಿದವು. ಸುಟ್ಟ ಕಾಗದದ ಹಾಗೆ.

"ನಾನು… ಕೈ ಅಡ್ಡ ಹಿಡಿದೋರ ಮೇಲೆ ಸುರಿದುಬಿಟ್ಟೆ" ಎಂದಳು ದ್ಯಾವಮ್ಮ. ಹೊನ್ನಜ್ಜಿ ಬಾಗಿಲಿಗೆ ಬಂದು ನಿಂತಳು.

ಆಗ ಮಡಕೆಯ ಅಂಚಿನ ಮೇಲೆ ಎರೆಹುಳು ಹತ್ತಿತು. ಅದಕ್ಕೆ ಒಳಗೆ ಉಸಿರು ಕಟ್ಟಿತ್ತು. ಅದು ಯಾರ ನೆಂಟನೂ ಅಲ್ಲ. ಆದ್ದರಿಂದ ಮರ್ಯಾದೆಯ ಅಡಚಣೆಯೂ ಅದಕ್ಕಿರಲಿಲ್ಲ.

"ದಿನಕ್ಕೆ ಹನ್ನೊಂದು ಚೊಂಬು. ಯಾರ್ಯಾರು ಎಷ್ಟೆಷ್ಟು ಅಂತ ಹೇಳಲಾ?" ಎಂದಿತು.

"ಹನ್ನೊಂದಾ? ನಾನು ಹಾಕಿದ್ದು ನಾಲ್ಕು" ಎಂದಳು ದ್ಯಾವಮ್ಮ.

"ನಂದು ಎರಡು" ಎಂದ, ಆಗ ತಾನೇ ಓಡಿ ಬಂದ ಹಲಗಪ್ಪ.

ಹೊನ್ನಜ್ಜಿ ಗೋಡೆ ನೋಡಿದಳು. "ನಾನು ಆಗೊಂದು ಈಗೊಂದು."

"ನಾಲ್ಕು" ಎಂದಿತು ಎರೆಹುಳು. "ಸಂಜೆಯದೊಂದು ಕುಂಬಾರರದು. ಇದರ ಬೇರು ಅರ್ಧ ಕೊಳೆತಿದೆ. ಇದು ಬಾಯಾರಿಕೆಯಿಂದ ಸೊರಗಿಲ್ಲ, ಮುಳುಗ್ತಾ ಇದೆ. ಇನ್ನು ಎರಡು ದಿನ. ಹೆಚ್ಚಂದರೆ ಮೂರು."

"ನಾಳೆಯಿಂದ ಒಂದು ಹನಿ ಹಾಕಲ್ಲ" ಎಂದಳು ದ್ಯಾವಮ್ಮ.

"ಒಳಗಿರೋ ನೀರು ಎಲ್ಲಿಗೆ ಹೋಗುತ್ತೆ? ಮಡಕೆ ಒಂದು ಹನಿ ಸೋರಲ್ಲ ಅಂದಿದ್ರಲ್ಲ, ನಿಜ. ಸೋರಲ್ಲ."

"ಬಗ್ಗಿಸಿ ಚೆಲ್ಲಿದರೆ?" ಎಂದ ಹಲಗಪ್ಪ.

"ಬೇರು ಕಿತ್ತು ಕೈಗೆ ಬರುತ್ತೆ. ಅಡಿಯಲ್ಲಿ ತೂತು ಮಾಡಬೇಕು."

ತೂತು ಎಂಬ ಮಾತು ಕೇಳಿ ಮೂವರೂ ಬೆಚ್ಚಿದರು. ಕಾರಣ ಇತ್ತು.

ಪ್ರಪಂಚ ಹೊಸದಾದರೂ ಸಾಯುವುದು ಆಗಲೇ ಶುರುವಾಗಿತ್ತು. ಸತ್ತವರನ್ನು ಸುಡುವಾಗ ಮಗನಾದವನು ನೀರು ತುಂಬಿದ ಮಡಕೆಯನ್ನು ಹೆಗಲ ಮೇಲೆ ಹೊತ್ತು ಚಿತೆಯನ್ನು ಸುತ್ತುತ್ತಿದ್ದ. ಹಿಂದಿನಿಂದ ಒಬ್ಬರು ಮಡಕೆಗೆ ತೂತು ಮಾಡುತ್ತಿದ್ದರು. ನೀರು ಸೋರುತ್ತಾ ಹೋಗುತ್ತಿತ್ತು. ತೂತಿನ ಮಡಕೆಗೆ ಇದ್ದದ್ದು ಅದೊಂದೇ ಜಾಗ. ಅದನ್ನು ಮನೆಯ ಮುಂದೆ ಇಡುವುದೆಂದರೆ ಸಾವನ್ನು ಕರೆದು ಜಗಲಿಯಲ್ಲಿ ಕೂರಿಸಿದ ಹಾಗೆ.

ಬೆಳಗಾದ ಮೇಲೆ ಚಿಕ್ಕೀರಯ್ಯನನ್ನು ಕರೆಸಿದರು. ಅವನು ಕೇಳಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಇಲ್ಲ ದ್ಯಾವವ್ವ. ನನ್ನಪ್ಪ ಮಾಡಿಲ್ಲ, ನಾನು ಮಾಡಲ್ಲ. ಸೋರೋ ಮಡಕೆ ಮಾಡೋದು ಕುಂಬಾರನಿಗೆ ಅವಮಾನ. ಮಾಡಿದ ಮಡಕೆಗೆ ತೂತು ಹೊಡೆಯೋದು ಮಸಣದ ಕೆಲಸ."

"ಅದು ಸಾಯ್ತಾ ಇದೆ ಕಣಪ್ಪ."

"ಸಾಯೋರ ಮುಂದೆ ತೂತಿನ ಮಡಕೆ ಇಡ್ತೀರಾ? ಅದಕ್ಕಿಂತ ಬಾಯಲ್ಲೇ ಹೇಳಿಬಿಡಿ, ಹೊರಡಪ್ಪ ಅಂತ."

"ತೂತು ಮಾಡದಿದ್ದರೂ ಹೊರಡುತ್ತೆ" ಎಂದಿತು ಎರೆಹುಳು ಅಂಚಿನಿಂದ. "ಆಗ ಎಲ್ಲರೂ ಅನ್ನೋದು, ಚಿಕ್ಕೀರಯ್ಯನ ಮಡಕೆಗೆ ಹಾಕಿದ್ದು ಸತ್ತೋಯ್ತು ಅಂತ."

ಚಿಕ್ಕೀರಯ್ಯ ಕೆಂಪಾದ. "ಯಾವನೋ ಇವನು? ಮಣ್ಣಿನ ಹುಳ, ಮಡಕೆ ವಿಷಯ ಮಾತಾಡ್ತಾನೆ!"

"ಮಣ್ಣಿನ ವಿಷಯ ನಿನಗಿಂತ ನನಗೆ ಗೊತ್ತು. ನೀನು ಹೊರಗಿಂದ ತಟ್ಟಿ ನೋಡ್ತೀಯ, ನಾನು ಒಳಗಿದ್ದೀನಿ."

ಜಗಳ ಅರ್ಧ ಬೆಳಿಗ್ಗೆ ನಡೆಯಿತು. ದ್ಯಾವಮ್ಮ ಬೇಡಿಕೊಂಡಳು. ಹಲಗಪ್ಪ ಬೈದ. ಚಿಕ್ಕೀರಯ್ಯ ಒಪ್ಪಲಿಲ್ಲ. ಅಷ್ಟರಲ್ಲಿ ಪುಟ್ಟ ತಾಳೆಯ ಇನ್ನೊಂದು ಗರಿ ಹಳದಿಯಾಗಿ ಜೋತುಬಿತ್ತು. ಅದು ಮಾತಾಡುವುದನ್ನು ಬಿಟ್ಟಿತ್ತು. ಮಡಕೆಯ ಮೇಲೆ ಅಡ್ಡ ಹಿಡಿದ ಕೈಗಳನ್ನು ಮಾತ್ರ ತೆಗೆದಿರಲಿಲ್ಲ.

ಹೊನ್ನಜ್ಜಿ ಅಲ್ಲಿಯವರೆಗೂ ಮೂಲೆಯಲ್ಲಿ ಕೂತಿದ್ದಳು. ನಾಲ್ಕು ಚೊಂಬು ಹಾಕಿದವಳು. ಕೈ ಸಣ್ಣದು ಅಂದವಳು. ಬಿಸಿಬಿಸಿಯಾಗಿ ಕೊಡು ಎಂದವಳು. ಗೋಡೆ ಹಿಡಿದು ಎದ್ದಳು.

"ಚಿಕ್ಕೀರ, ಈ ಊರಲ್ಲಿ ಮುಂದೆ ಹೋಗೋದು ಯಾರು?"

"ಎಲ್ಲಿಗಜ್ಜಿ?"

"ಇನ್ನೆಲ್ಲಿಗೆ? ಮಸಣಕ್ಕೆ. ವಯಸ್ಸಿನ ಪ್ರಕಾರ ಯಾರ ಸರದಿ?"

ಚಿಕ್ಕೀರಯ್ಯ ಕಾಲ ಬುಡ ನೋಡಿದ. "ಅದು… ನಿಮ್ಮದೇ ಅಜ್ಜಿ."

"ಹೇಳೋಕೆ ಇಷ್ಟು ಹೊತ್ತಾ? ನನಗೆ ಒಂದು ತೂತಿನ ಮಡಕೆ ಬರೋದಿದೆ. ಆ ತೂತನ್ನ ಈಗಲೇ ಮಾಡು, ಇದಕ್ಕೆ. ನನ್ನದು ನಾನು ಈ ನೆಂಟರಿಗೆ ಬಿಟ್ಟುಕೊಟ್ಟಿದೀನಿ. ಸಾವು ಬಂದು ಯಾರದಿದು ಅಂತ ಕೇಳಿದರೆ ಹೊನ್ನಜ್ಜಿದು ಅನ್ನು."

"ಅವ್ವಾ!" ಎಂದ ಹಲಗಪ್ಪ.

"ನೀನು ಸುಮ್ನಿರು. ನನ್ನ ಮಡಕೆ, ನನ್ನ ಇಷ್ಟ. ನಾಲ್ಕು ಚೊಂಬು ಹಾಕಿದೋಳು ಒಂದು ತೂತಾದರೂ ಕೊಡಬೇಡವಾ?"

ಚಿಕ್ಕೀರಯ್ಯ ಮನೆಗೆ ಹೋಗಿ ಒಂದು ಮೊಳೆ, ಒಂದು ಸಣ್ಣ ಕಲ್ಲು ತಂದ. ಮಡಕೆಯ ಮುಂದೆ ಕೂತ. ಮೊಳೆಯನ್ನು ಮಡಕೆಯ ಪಕ್ಕಕ್ಕೆ ಇಟ್ಟ. ಮಸಣದಲ್ಲಿ ಇಡುವುದು ಅಲ್ಲಿಗೇ. ಮೊಳೆ ತೆಗೆದ.

"ಪಕ್ಕದಲ್ಲಿ ಆಗಲ್ಲ ಅಜ್ಜಿ. ಅಡಿಯಲ್ಲಿ ಮಾಡ್ತೀನಿ. ಪಕ್ಕದ ತೂತು ಹೋದೋರಿಗೆ. ಅಡಿ ತೂತು ಇರೋರಿಗೆ. ಹಾಗಂತ ನಾನು ಇವತ್ತಿಂದ ಇಟ್ಕೋತೀನಿ."

"ಇಟ್ಕೋ" ಎಂದಳು ಹೊನ್ನಜ್ಜಿ. ದೊಡ್ಡ ದೊಡ್ಡ ನಿಯಮಗಳು ಹೆಚ್ಚುಕಮ್ಮಿ ಹೀಗೇ ಹುಟ್ಟುತ್ತವೆ.

ಹಲಗಪ್ಪ ಮತ್ತು ದ್ಯಾವಮ್ಮ ಮಡಕೆಯನ್ನು ಎರಡು ಕಲ್ಲುಗಳ ಮೇಲೆ ಎತ್ತಿ ಇಟ್ಟರು. ಚಿಕ್ಕೀರಯ್ಯ ಅಂಗಾತ ಮಲಗಿ, ಕೆಳಗಿನಿಂದ ಮೊಳೆ ಇಟ್ಟು, ಮೆಲ್ಲಗೆ ತಟ್ಟಿದ. ಟಕ್ ಟಕ್. ಮಡಕೆ ಒಡೆದರೆ ಎಲ್ಲ ಮುಗಿಯಿತು. ಟಕ್ ಟಕ್. ಇನ್ನೊಂದು ಸಲ, ಟಕ್.

ನೀರು ಇಳಿಯಿತು. ಕಪ್ಪು ನೀರು, ಕೊಳೆತ ವಾಸನೆಯದು, ಚಿಕ್ಕೀರಯ್ಯನ ಮುಖದ ಮೇಲೆಯೇ. ಅವನು ಉಗಿಯುತ್ತಾ ಎದ್ದ.

"ಥೂ! ಇದನ್ನಾ ಕುಡಿಸ್ತಿದ್ದದ್ದು ನೀವು?"

"ಒಂದು ಚೊಂಬು ನಿಂದೂ ಇತ್ತು" ಎಂದಿತು ಎರೆಹುಳು.

ಮಧ್ಯಾಹ್ನದವರೆಗೂ ನೀರು ತೊಟ್ಟಿಕ್ಕಿತು. ಆಮೇಲೆ ನಿಂತಿತು. ಮೊದಲ ಸಲ ಗಾಳಿ ಮಡಕೆಯ ಅಡಿಯಿಂದ ಒಳಗೆ ಹೋಗಿ ಬೇರುಗಳನ್ನು ಮಾತಾಡಿಸಿತು. "ತುಂಬಾ ಒಳ್ಳೆಯವರು ಅಂತ ನಾನೇ ಹೇಳಿದ್ದೆ, ಅಲ್ಲವಾ?" ಎಂದಿತು.

ಮೂರನೆಯ ದಿನ ಕಳೆಯಿತು. ಪುಟ್ಟ ತಾಳೆ ಸಾಯಲಿಲ್ಲ. ಬದುಕಿತು ಎನ್ನಲೂ ಧೈರ್ಯ ಸಾಲದು. ಹಾಗೇ ಇತ್ತು.

ಆ ದಿನಗಳಲ್ಲಿ ದ್ಯಾವಮ್ಮನಿಗೆ ಮಾಡಲು ಏನೂ ಇರಲಿಲ್ಲ. ಅವಳ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಚೊಂಬು ತುಂಬಿಸಿಕೊಂಡು ಬರುವಳು. ಮಡಕೆಯ ಮುಂದೆ ನಿಲ್ಲುವಳು. ಅಡ್ಡ ಹಿಡಿದ ಕೈ ನೋಡುವಳು. ತುಂಬಿದ ಚೊಂಬನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗುವಳು. ಹೋಗುವಾಗ ಅಳುವಳು.

"ಎಷ್ಟು ದಿನ ಹೀಗೆ?" ಎಂದು ಎರೆಹುಳುವನ್ನು ಕೇಳಿದಳು.

"ಬೆರಳು ಇದೆಯಲ್ಲ? ಎರಡು ಗೆಣ್ಣು ಮುಳುಗೋವರೆಗೆ ಮಣ್ಣಿಗೆ ಹಾಕಿ ನೋಡು. ತೇವ ಅಂಟಿದರೆ ವಾಪಸು ಹೋಗು. ಒಣಗಿದ್ದರೆ ಒಂದು ಚೊಂಬು. ಒಂದೇ."

ಹೊನ್ನಜ್ಜಿಗೆ ಇದು ಹಿಡಿಸಿತು. ಸೊಸೆಯನ್ನು ಕೇಳಬೇಕಾಗಿಲ್ಲ, ಮಗನನ್ನು ಕೇಳಬೇಕಾಗಿಲ್ಲ. ಯಾರಿಗೂ ಅವಮಾನವಾಗದೆ ಮಣ್ಣನ್ನೇ ಕೇಳಬಹುದು. ಆ ಮನೆಯಲ್ಲಿ ಅಂದಿನಿಂದ ಎಲ್ಲರೂ ಮೊದಲು ಬೆರಳಿಟ್ಟು ನೋಡಿದರು. ಹೆಚ್ಚಿನ ದಿನ ಬೆರಳು ಒರೆಸಿಕೊಂಡು ವಾಪಸು ಹೋದರು. ಉಪಚಾರ ಮಾಡಲೇಬೇಕು ಅನ್ನಿಸಿದಾಗ ದ್ಯಾವಮ್ಮ ಒದ್ದೆ ಬಟ್ಟೆ ತಂದು ಗರಿಗಳ ಧೂಳು ಒರೆಸಿದಳು. ಹಳದಿಯಾದ ಗರಿಗಳನ್ನು ಬುಡಕ್ಕೆ ಕತ್ತರಿಸಿದಳು. ಅದಕ್ಕೆ ಪುಟ್ಟ ತಾಳೆ ಏನೂ ಅನ್ನಲಿಲ್ಲ. ಚೆನ್ನಾಗಿದೆ ಅನ್ನುವುದಕ್ಕೂ ಅದಕ್ಕೆ ಭಯವಿತ್ತು.

ಎರಡು ತಿಂಗಳಾದ ಮೇಲೆ ನಡುವಿನಿಂದ ಒಂದು ಸುಳಿ ಎದ್ದಿತು. ಮುಚ್ಚಿದ ಬೀಸಣಿಗೆಯ ಹಾಗೆ ಇತ್ತು. ನೆಟ್ಟಗೆ ಮೇಲಕ್ಕೆ ಬಂತು, ಬಿಚ್ಚಿತು, ಹಸಿರಾಗಿ ನಿಂತಿತು. ದ್ಯಾವಮ್ಮ ಕಿರುಚಿ ನಾಲ್ಕೂ ಮನೆಯವರನ್ನು ಕರೆದಳು. ಎಲ್ಲರೂ ಬಂದು ನೋಡಿದರು. ಅವಳು ಎಲ್ಲರಿಗೂ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಎಲ್ಲರೂ ಅವಳ ಕೈಯ ನೀರನ್ನು ಕುಡಿದರು.

ಚಿಕ್ಕೀರಯ್ಯ ಆಮೇಲೆ ಅಡಿ ತೂತಿನವು ಇನ್ನೂ ನಾಲ್ಕು ಮಾಡಿದ. ಹಸಿಮಣ್ಣಿನಲ್ಲೇ ಅಡಿಗೆ ಬೆರಳು ಚುಚ್ಚಿ ತೂತು ಬಿಟ್ಟ, ಮಣ್ಣು ಹೋಗದ ಹಾಗೆ ಮೇಲೊಂದು ಹೆಂಚಿನ ಚೂರು ಮುಚ್ಚಿದ. ಅದನ್ನು ಮಡಕೆ ಎನ್ನಲು ಮಾತ್ರ ಒಪ್ಪಲಿಲ್ಲ. ಕುಂಡ ಎಂದ. ಹೊನ್ನಜ್ಜಿ ಆಮೇಲೂ ಹನ್ನೆರಡು ವರ್ಷ ಬದುಕಿದಳು. ತೂತಿಗೂ ಅದಕ್ಕೂ ಸಂಬಂಧವಿದೆ ಎಂದು ಊರು ನಂಬಿತು. ಸಂಬಂಧವಿಲ್ಲ. ಅವಳು ಗಟ್ಟಿ ಮುದುಕಿ, ಅಷ್ಟೇ.

ಹೊಸ ಗರಿ ಒಂದು ವಾರ ನೆಟ್ಟಗೆ ನಿಂತಿತು. ಆಮೇಲೆ ಅದೂ ಹಳೆಯವುಗಳ ಹಾಗೆ ಹೊರಕ್ಕೆ ಚಾಚಿ, ಕೆಳಕ್ಕೆ ಬಾಗಿ, ಕುಂಡಕ್ಕೆ ಅಡ್ಡ ಬಂತು.

ದ್ಯಾವಮ್ಮ ಅದರ ಮುಂದೆ ಕೂತಳು. ಬರಿಗೈ ತೋರಿಸಿದಳು.

"ಈಗ ಕೈ ತೆಗೀರಿ. ನಾವು ಕಲಿತಿದೀವಿ."

ಪುಟ್ಟ ತಾಳೆ ಅವಳನ್ನು ನೋಡಿತು. ಅವಳ ಹಿಂದೆ ಬಾಗಿಲನ್ನು ನೋಡಿತು. ಬಾಗಿಲಲ್ಲಿ ಹಲಗಪ್ಪ ನಿಂತಿದ್ದ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಬೆನ್ನ ಹಿಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀವು ತುಂಬಾ ಒಳ್ಳೆಯವರು" ಎಂದಿತು ಪುಟ್ಟ ತಾಳೆ. "ಕೈ ಹೀಗೇ ಇರಲಿ."

ಅದರ ಮಕ್ಕಳೂ ಕೈ ಅಡ್ಡ ಹಿಡಿದುಕೊಂಡೇ ಬೆಳೆದವು, ಮೊಮ್ಮಕ್ಕಳೂ ಹಾಗೇ ಬೆಳೆದವು, ಕುಂಡಗಳಲ್ಲಿ ಕೂತು ಊರೂರಿಗೆ ಹೋದವು. ಇವತ್ತು ನಿಮ್ಮ ಮನೆಯ ಜಗಲಿಯಲ್ಲೋ ಮೆಟ್ಟಿಲ ಬುಡದಲ್ಲೋ ಪುಟ್ಟ ತಾಳೆಯೊಂದು ಗರಿಗಳನ್ನು ಕುಂಡದ ಸುತ್ತ ಬಾಗಿಸಿ, ಕಂದಾದ ಬೆರಳ ತುದಿಗಳನ್ನು ಅಗಲಿಸಿ ನಿಂತಿರುವುದು ಕಂಡರೆ, ಅದು ಅಂದಕ್ಕೆ ಹಾಗೆ ನಿಂತಿದೆ ಎಂದುಕೊಳ್ಳಬೇಡಿ: ನಿಮ್ಮ ಕೈಯಲ್ಲಿರುವ ಚೊಂಬನ್ನು ನೋಡಿ ನಿಂತಿದೆ.